ಒಳನಂಬರಿನ ಕಾರ್ಯದರ್ಶಿ

ಬಡಾವಣೆ ಸಂಘದ ಕಾರ್ಯದರ್ಶಿ ಶ್ರೀಕಂಠಯ್ಯನವರು ಎಂದಿನಂತೆ ಕಾಂಪೌಂಡಿನ ಸಂದಿಯಿಂದ ಹೊರಗೆ ನುಸುಳಿ, ಯಾರದೋ ಗಿಡದಿಂದ ಪೂಜೆಗೆ ಹೂ ಕದ್ದರು. ಆಸೆಬುರುಕತನಕ್ಕೆ ಬುಟ್ಟಿ ತುಂಬಿ ತುಳುಕಿ, ಸಂದಿಯಲ್ಲಿ ಹಿಡಿಸಲಿಲ್ಲ. ಗೇಟಿಗೇ ಬರಬೇಕಾಯಿತು.

ಬಡಾವಣೆಯ ಪ್ರತಿಯೊಬ್ಬರ ಅಂಗೈಯಲ್ಲೂ ಒಂದು ಒಳನಂಬರಿತ್ತು; ಗೇಟು ದಾಟಿ ಹೊರಗೆ ಹೋದವರಿಗೆ ಅದು ಅಳಿಸಿ ಬೀದಿನಂಬರು ಮೂಡುತ್ತಿತ್ತು. ಸಂದಿಯಿಂದ ಹೋಗಿದ್ದ ಇವರ ಅಂಗೈಯಲ್ಲಿ ಇನ್ನೂ ಒಳನಂಬರೇ ಇತ್ತು. "ಒಳನಂಬರು ಹೊತ್ತು ಹೊರಗಿನಿಂದ ಬಂದವನು ಖೋಟಾ. ಅವನಿಗೆ ಉತ್ತರವನ್ನೂ ಕೊಡಕೂಡದು" ಎಂದು ನಿಯಮ ಬರೆಸಿದವರು ಅವರೇ.

"ಮಾದಪ್ಪಾ, ನಾನು ಕಣೋ!"

ಕಾವಲುಗಾರ ಮಾದಪ್ಪ ಅಲ್ಲಿ ಬರೀ ಗಾಳಿಯಿದ್ದಂತೆ ರಸ್ತೆ ನೋಡುತ್ತ ನಿಂತ.

ಗಲಾಟೆ ಕೇಳಿ ಶ್ರೀಕಂಠಯ್ಯನವರ ಹೆಂಡತಿ ವಿಶಾಲಾಕ್ಷಿ ಒಳಗಿನಿಂದ ಬಂದರು. "ಯಾರಪ್ಪ ಅದು?"

"ಯಾರೂ ಇಲ್ಲಮ್ಮ."

ವಿಶಾಲಾಕ್ಷಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೌದು, ಯಾರೂ ಇಲ್ಲ. ಬುಟ್ಟಿಗೆ ನಂಬರಿಲ್ವಲ್ಲ, ಅದನ್ನ ಒಳಗೆ ತಗೋ. ಪೂಜೆಗೆ ಹೊತ್ತಾಯ್ತು."