ಯಾರ ಗಂಟಲು

ಯರ್ರೆಪ್ಪ ಪಲ್ಲವಿ ಮುಗಿಸಿ ಚರಣ ಎತ್ತಿಕೊಳ್ಳುವುದರೊಳಗೆ ರಾಘಣ್ಣನವರು ಕೈ ಎತ್ತಿ ನಿಲ್ಲಿಸಿಬಿಟ್ಟರು.

"ಸಾಕು ತಮ್ಮಾ, ಗೊತ್ತಾತು. ಇದು ವಾಸುದೇವ ಗವಾಯಿಗಳ ಗಂಟಲು. ಥೇಟ್ ಅವರೇ."

"ಗವಾಯಿ ಎಲ್ಲಿ ಅದಾರ್ರಿ ಇದರಾಗ?" ಭೀಮಲಿಂಗಪ್ಪನವರಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. "ಇದು ಮಾಸ್ಟರ್ ಉಚ್ಚೀರಪ್ಪ. ಕಂಪನಿ ನಾಟಕದಾಗ ಎರಡನೇ ಅಂಕಕ್ಕ ಬಂದು ಹಿಂಗಽ ಎಳೀತಿದ್ರು. ನಿಮಗ ಕಿವಿ ಅದಾವೋ ಇಲ್ಲೋ ರಾಘಣ್ಣಾರ?"

ರಾಘಣ್ಣ ತಾಲ್ಲೂಕು ಕಚೇರಿಯ ನಿವೃತ್ತ ಗುಮಾಸ್ತರು, ಭೀಮಲಿಂಗಪ್ಪ ಹತ್ತಿ ದಲಾಲಿ ಅಂಗಡಿಯವರು. ಗಣೇಶನ ಪೆಂಡಾಲಿನಲ್ಲಿ ಯಾರು ಹಾಡಬೇಕೆಂದು ಮೂವತ್ತು ವರ್ಷದಿಂದ ತೀರ್ಮಾನಿಸುತ್ತಿದ್ದವರು ಇವರೇ, ಯಾಕೆಂದರೆ ಆ ಬೀದಿಯಲ್ಲಿ ಗ್ರಾಮಫೋನ್ ಇದ್ದದ್ದು ಇವರಿಬ್ಬರ ಮನೆಯಲ್ಲಿ ಮಾತ್ರ. ಒಬ್ಬರ ಹತ್ತಿರ ಗವಾಯಿಗಳ ಪ್ಲೇಟು, ಇನ್ನೊಬ್ಬರ ಹತ್ತಿರ ಮಾಸ್ಟರ್ ಪ್ಲೇಟು. ಆ ಪ್ಲೇಟುಗಳ ಆಚೆಗೂ ಜಗತ್ತಿನಲ್ಲಿ ಯಾರೋ ಹಾಡುತ್ತಾರೆಂದು ಇಬ್ಬರೂ ನಂಬಿದವರಲ್ಲ.

ಎದುರಿಗೆ ನಿಂತ ಮೂವರೂ ಆದೋನಿಯ ಹತ್ತಿ ಜಿನ್ನಿಂಗ್ ಮಿಲ್ಲಿನ ಕೂಲಿಗಳು. ಪಾಳಿ ಮುಗಿದ ಮೇಲೆ ಮೌಲಾಲಿ ಬುಲ್‌ಬುಲ್ ನುಡಿಸುತ್ತಿದ್ದ, ಆಂಜಿನಪ್ಪ ಡ್ರಮ್ ಬಾರಿಸುತ್ತಿದ್ದ, ಚಿಪ್ಪಗಿರಿ ಕಡೆಯ ಯರ್ರೆಪ್ಪ ತಾನೇ ಹಾಡು ಕಟ್ಟಿ ಹಾಡುತ್ತಿದ್ದ. ಸಿನಿಮಾ ಹಾಡು ಒಂದೂ ಇಲ್ಲ. ಎಲ್ಲ ಸ್ವಂತದ್ದು, ಅದೇ ಅವರಿಗೆ ಬಂದ ಕಷ್ಟ.

"ಸಾರ್, ಈ ರಾಗ ನಾನಽ ಕಟ್ಟಿದ್ದು," ಎಂದ ಯರ್ರೆಪ್ಪ. "ನೀವು ಹೇಳಿದ ಇಬ್ಬರದೂ ನಾ ಒಮ್ಮೀನೂ ಕೇಳಿಲ್ಲರಿ."

"ಕೇಳದೇ ಬಂತಂದ್ರ ಪೂರ್ವಜನ್ಮದ್ದು ಅದು," ಎಂದರು ರಾಘಣ್ಣ. "ಗವಾಯಿಗಳು ಹೋಗಿ ಇಪ್ಪತ್ತೈದು ವರ್ಷ ಆತು, ನಿನಗೂ ಇಪ್ಪತ್ತೈದು ಇರಬೇಕು. ಲೆಕ್ಕ ಸರಿ ಅದ ನೋಡು!"

ಆಗ ಆ ಕಡೆಯೆಲ್ಲ ಒಂದು ಪದ್ಧತಿ ಇತ್ತು. ಆರ್ಕೆಸ್ಟ್ರಾದವರು ತಮ್ಮ ಹೆಸರಿನಲ್ಲೇ ಪೋಸ್ಟರ್ ಹಚ್ಚಿದರೆ ನಾಯಿಯೂ ಮೂಸುತ್ತಿರಲಿಲ್ಲ. ಯಾರಾದರೂ ಹಳೆಯ ದೊಡ್ಡವರನ್ನು ಹಿಡಿದು, ಅವರ ಹೆಸರಿನ ಮುಂದೆ 'ಜೂನಿಯರ್' ಎಂದು ಹಾಕಿಸಿಕೊಳ್ಳಬೇಕು. ಈ ಹುಡುಗನನ್ನು ಪೆಂಡಾಲಿಗೆ ಕರೆಯುವುದೆಂದು ಎರಡು ನಿಮಿಷದಲ್ಲಿ ತೀರ್ಮಾನವಾಗಿಹೋಗಿತ್ತು. ಜೂನಿಯರ್ ಯಾರು ಎಂಬುದಷ್ಟೇ ತಕರಾರು.

"ನನ್ನ ಹೆಸರು ಒಂದು ಹಾಕಿಸಿದ್ರ ಸಾಕ್ರಿ," ಎಂದು ಯರ್ರೆಪ್ಪ ಮೊದಲೇ ಬರೆದು ತಂದಿದ್ದ ಚೀಟಿಯನ್ನು ಮುಂದಿಟ್ಟ. "ನಮ್ಮವ್ವ ಊರಿಂದ ಬರತಾಳ. ಆದೋನ್ಯಾಗ ಗ್ವಾಡಿ ಮ್ಯಾಲ ನನ್ನ ಹೆಸರು ಇರತೈತಿ ಅಂತ ಹೇಳಿಬಿಟ್ಟೀನಿ."

"ಹೆಸರು ಎಲ್ಲಿಗೆ ಓಡಿ ಹೊಕ್ಕೈತೋ ತಮ್ಮಾ? ಮೊದಲು ಗಂಟಲು ಯಾರ್ದು ಅನ್ನೋದು ಇತ್ಯರ್ಥ ಆಗಲಿ," ಎಂದ ಭೀಮಲಿಂಗಪ್ಪನವರು ಚೀಟಿಯನ್ನು ಬಿಚ್ಚದೆಯೇ ಇನ್ನೊಂದು ಮಡಿಕೆ ಮಡಚಿ, ಅದರ ಮೂಲೆಯಿಂದ ಹಲ್ಲಿನ ಸಂದಿಯ ಅಡಿಕೆ ಚೂರು ತೆಗೆದು, ಚೀಟಿಯನ್ನು ಕಿಟಕಿಯಿಂದ ಆಚೆ ಎಸೆದರು.

ಇತ್ಯರ್ಥ ಆಗಲಿಲ್ಲ. ಮೂರು ದಿನ ಇಬ್ಬರಿಗೂ ಮಾತು ಬಿಟ್ಟುಹೋಯಿತು. ಪೆಂಡಾಲಿನ ಉಳಿದವರು ಕೈಕಾಲು ಹಿಡಿದು ರಾಜಿ ಮಾಡಿಸಿದ ಮೇಲೆ ಪೋಸ್ಟರ್ ಬಂತು: 'ಜೂನಿಯರ್ ವಾಸುದೇವ ಗವಾಯಿ ಉರುಫ್ ಜೂನಿಯರ್ ಮಾಸ್ಟರ್ ಉಚ್ಚೀರಪ್ಪ'. ಎಡಕ್ಕೊಂದು ಬಲಕ್ಕೊಂದು ತೀರಿಹೋದವರ ಫೋಟೋ.

ಹಬ್ಬದ ದಿನ ಬಸ್ಸಿನಿಂದ ಇಳಿದ ಯರ್ರೆಪ್ಪನ ಅವ್ವ ಪಕೀರಮ್ಮ ಬಸ್ ಸ್ಟ್ಯಾಂಡಿನ ಗೋಡೆಯ ಮುಂದೆಯೇ ನಿಂತಳು. "ಯಾವುದಲೇ ನಿನ್ನ ಹೆಸರು?"

ಯರ್ರೆಪ್ಪ ಎಲ್ಲಕ್ಕಿಂತ ದೊಡ್ಡ ಅಕ್ಷರಗಳ ಮೇಲೆ ಬೆರಳಿಟ್ಟ.

"ಇಷ್ಟು ದೊಡ್ಡದಾಗಿ ಹಾಕ್ಯಾರಾ!" ಆಕೆ ಸೆರಗಿನ ತುದಿಯಿಂದ ಆ ಅಕ್ಷರಗಳ ಮೇಲಿನ ಧೂಳು ಒರೆಸಿದಳು. ಅವ್ವನಿಗೆ ಓದು ಬರುವುದಿಲ್ಲವೆಂದು ಯರ್ರೆಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಸಂಜೆ ಪೆಂಡಾಲು ತುಂಬಿತ್ತು. ಯರ್ರೆಪ್ಪ ಎಂದೂ ಹಾಡದಷ್ಟು ಚೆನ್ನಾಗಿ ಹಾಡಿದ. ಮುಂದಿನ ಕುರ್ಚಿಗಳಲ್ಲಿ ಕೂತ ಹಿರಿಯರಿಬ್ಬರೂ ಹಾಡು ಕೇಳುವುದು ಬಿಟ್ಟು ಸಾಕ್ಷಿ ಹುಡುಕುತ್ತಿದ್ದರು. "ಈ ತಿರುವು ಕೇಳ್ರಿ, ಗವಾಯಿ!" "ಈ ಎಳೆತ ಕೇಳ್ರಿ, ಮಾಸ್ಟರ್!" ನಾಲ್ಕನೇ ಹಾಡಿಗೆ ಇಬ್ಬರ ದನಿಯೂ ಮೈಕಿಗಿಂತ ಮೇಲೆ ಹೋಯಿತು. ಮೂರನೆಯವರು ಹೇಳಿದ ಹೊರತು ಬಗೆಹರಿಯದೆಂದು ರಾಘಣ್ಣ ಪಕ್ಕದ ಚಾಪೆಯತ್ತ ಬಗ್ಗಿದರು. ಅಲ್ಲೊಬ್ಬ ಮುದುಕಿ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಹಾಡು ಕೇಳುತ್ತಿದ್ದಳು. ಅವಳು ಹಾಡುವವನ ತಾಯಿ ಎಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ, ಅವರೂ ಯಾರನ್ನೂ ಕೇಳಿರಲಿಲ್ಲ.

"ಏನವ್ವಾ, ನೀ ಹಳೇ ಕಾಲದಾಕಿ. ಖರೇ ಹೇಳು, ಈ ಗಂಟಲು ಯಾರ ಹಂಗ ಅದ?"

ಪಕೀರಮ್ಮ ತಿರುಗಿ ನೋಡಿದಳು. ಇದೂ ಒಂದು ಕೇಳುವ ಮಾತೇ ಎನಿಸಿತು ಆಕೆಗೆ.

"ಯಾರ ಹಂಗಂದ್ರ? ಯರ್ರೆಪ್ಪನ ಹಂಗ ಐತಿ ಸಾಮಿ."

ಹಿರಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಹೆಸರು ಇಬ್ಬರೂ ಕೇಳಿರಲಿಲ್ಲ. ಗೊತ್ತಿಲ್ಲವೆಂದು ಮೊದಲು ಒಪ್ಪಿಕೊಂಡವರ ಮೂವತ್ತು ವರ್ಷದ ಮರ್ಯಾದೆ ಅಲ್ಲೇ ಮಣ್ಣುಪಾಲಾಗುತ್ತಿತ್ತು.

"ಯರ್ರೆಪ್ಪನವರು!" ರಾಘಣ್ಣ ಕಣ್ಣು ಮುಚ್ಚಿ ತಲೆದೂಗಿದರು. "ಅವರ ಪ್ಲೇಟು ಈಗ ಎಲ್ಲಿ ಸಿಗಬೇಕು!"

"ಸಿಕ್ಕರ ಏನು ಬಂತ್ರಿ?" ಭೀಮಲಿಂಗಪ್ಪನವರು ವೇದಿಕೆಯತ್ತ ಕೈ ಬೀಸಿದರು. "ಯರ್ರೆಪ್ಪನವರ ಗಂಟಲು ಈ ಹುಡುಗಗ ಬರಬೇಕಂದ್ರ ಇನ್ನೂ ಏಳು ಜನ್ಮ ಎತ್ತಬೇಕು."