ಅಂಗೈ ಅಗಲದ ಇಕ್ಕಳ

ಮಾಗಿಯ ಚಳಿ. ಕ್ಯಾತನಹಳ್ಳಿಯ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ನೊರೆ ತೆಗೆಯುತ್ತಿದ್ದ ರಂಗಸ್ವಾಮಿಗೆ ಬೆಲ್ಲದ ಘಮವೂ ಹಿಡಿಸುತ್ತಿರಲಿಲ್ಲ. ಮಗಳು ಪ್ರಿಯಾಂಕಳಿಗೆ ಗಂಡು ನೋಡಲು ಕೆ.ಆರ್. ಪೇಟೆಗೆ ಹೋದಾಗ ಕಂಡದ್ದು ಕಣ್ಣಿಂದ ಹೋಗಿರಲಿಲ್ಲ.

ಗಂಡಿನ ಅಪ್ಪ ತಿಮ್ಮರಾಜುವಿನ ಮನೆಯ ಗೂಡಿನಲ್ಲಿ ಒಂದು ಹಳೇ ಇಕ್ಕಳ. ಅಂಗೈ ಅಗಲದ ಬಾಯಿ, ಅಂಚಿಗೆ ಕೆಂಪಗೆ ಮೆತ್ತಿದ ಏನೋ. ಹೋರಿಯ ಬೀಜ ಒಡೆಯುವ ಇಕ್ಕಳ! ರಂಗಸ್ವಾಮಿಯದು ಬಸವಪ್ಪನ ಒಕ್ಕಲು, ಹೋರಿಯೇ ಮನೆದೇವರು. ಇಕ್ಕಳದ ಕಡೆ ಬೆರಳು ತೋರಿಸಿ ಎದ್ದವನು, ಬಾಯಲ್ಲಿದ್ದ ಕಾಫಿಯನ್ನು ಅವರ ಅಂಗಳದಲ್ಲೇ ಉಗಿದು ಬಂದಿದ್ದ.

“ಮಗಳು ಅವ್ನೇ ಬೇಕು ಅಂತ ಊಟ ಬುಟ್ಟವ್ಳೆ,” ಎಂದಳು ಹೆಂಡತಿ ಯಶೋದಮ್ಮ. “ಒಂದು ಇಕ್ಕಳಕ್ಕೆ ಸಂಬಂಧ ಮುರೀತೀರಾ? ನಮ್ ಎತ್ತುಗೋಳೇನು ಉಟ್ಟುತ್ಲೇ ಎತ್ತಾಗಿದ್ವಾ?”

“ಸುಮ್ಕಿರೇ. ಆ ಪಾಪ ಮಾಡೋ ಮನೇಲಿ ನನ್ ಮಗಳು ಉಣ್ಬೇಕಾ? ಥೂ!”

ಮಾತು ಮುಗಿಯುವ ಮೊದಲೇ ಬೈಕು ಬಂದು ನಿಂತಿತು. ಸಂಬಂಧ ತಂದಿದ್ದ ಚಲುವರಾಜು, ದನದ ಆಸ್ಪತ್ರೆಯ ಕಾಂಪೌಂಡರು. ಹಿಂದೆ ತಿಮ್ಮರಾಜು, ಕೈಯಲ್ಲಿ ಅದೇ ಇಕ್ಕಳ.

ರಂಗಸ್ವಾಮಿ ಹೆಗಲ ಟವೆಲನ್ನು ಮೂಗಿಗೆ ಒತ್ತಿಕೊಂಡ. “ಅದನ್ಯಾಕೆ ಇಲ್ಲಿಗೆ ತಂದ್ರಿ? ಬೆಲ್ಲ ಬೇಯೋ ಜಾಗ ಇದು.”

ತಿಮ್ಮರಾಜು ಬಗ್ಗಿದ. ಮೂಲೆಯಲ್ಲಿ ಬಿದ್ದಿದ್ದ ತಗಡಿನ ಚೂರೊಂದನ್ನು ಎತ್ತಿ, ಅದರ ಅಂಚನ್ನು ಇಕ್ಕಳದ ಬಾಯಿಗೆ ಕೊಟ್ಟು ಒಮ್ಮೆ ತಿರುವಿದ. ಅಂಚು ಉದ್ದಕ್ಕೂ ಒಂದೇ ಸಮ, ಸೀರೆಯ ನೆರಿಗೆಯಂತೆ ಮಡಚಿಕೊಂಡಿತು.

“ನಮ್ಮಪ್ಪ ತಗಡಿನ ಟ್ರಂಕು ಮಾಡ್ತಿದ್ರು,” ಎಂದ. “ಅಂಚು ಮಡ್ಸೋ ಇಕ್ಕಳ ಇದು. ಕೆಂಪಗಿರೋದು ತುಕ್ಕು.”

“ನಾನೇ ನೋಡಿ ಯೋಳ್ತಾ ಇವ್ನಿ ಗೌಡ್ರೆ,” ಎಂದ ಚಲುವರಾಜು. “ಇದ್ರಲ್ಲಿ ಓರಿ ಇರ್ಲಿ, ಕೋಳಿಗೂ ಏನೂ ಮಾಡಕಾಗಕಿಲ್ಲ.”

ರಂಗಸ್ವಾಮಿ ಮಡಚಿದ ಅಂಚನ್ನು ಮುಟ್ಟಿ ನೋಡಿದ. ಟವೆಲು ಕೆಳಗಿಳಿಯಿತು. “ತಪ್ಪಾಯ್ತು ಬೀಗ್ರೆ. ಯಶೋದಾ, ಬೆಲ್ಲ ತತ್ತಾ, ಬಾಯಿ ಸೀ ಮಾಡವ!”

ಯಶೋದಮ್ಮ ಅಚ್ಚು ಬೆಲ್ಲ ತಂದಳು. ಆಲೆಮನೆಗೆ ಬಂದವರಿಗೆಲ್ಲ ಅಜ್ಜನ ಕಾಲದ ಇಕ್ಕಳದಲ್ಲೇ ಬೆಲ್ಲ ಒಡೆದು ಕೊಡುವುದು ಆ ಮನೆಯ ಪದ್ಧತಿ. ಹಿಡಿಯ ಮೇಲಿನ ಗುಬುಟನ್ನು ಮೊಣಕಾಲಿಗೆ ಊರಿ ಅದುಮಿದಳು. ಅಚ್ಚು ಹೋಳಾಯಿತು. ರಂಗಸ್ವಾಮಿ, ತಿಮ್ಮರಾಜು ಇಬ್ಬರೂ ಬಾಯಿಗೆ ಹಾಕಿಕೊಂಡರು. ಚಲುವರಾಜುವಿನ ಹೋಳು ಮಾತ್ರ ಅಂಗೈಯಲ್ಲೇ ಉಳಿಯಿತು.

“ಅಲ್ಲ ಕಣ್ಲಾ ಚಲುವ,” ಬೆಲ್ಲ ಚೀಪುತ್ತ ಕೇಳಿದ ರಂಗಸ್ವಾಮಿ, “ಅಂಗಾದ್ರೆ ಬೀಜ ಒಡೆಯೋ ಇಕ್ಕಳ ಎಂಗಿರ್ತದ್ಲಾ?”

ಚಲುವರಾಜು ಯಶೋದಮ್ಮನ ಕೈಯನ್ನೇ ನೋಡುತ್ತಿದ್ದ. “ಬಾಯಿ ಮುಚ್ಚಿದ್ರೂ ಎಳ್ಳುಕಾಳಿನಷ್ಟು ಸಂದು ಉಳೀತದೆ ಗೌಡ್ರೆ. ಮೊಣಕಾಲಿಗೆ ಊರಕ್ಕೆ ಇಡಿ ಮ್ಯಾಲೊಂದು ಗುಬುಟು ಇರ್ತದೆ. ಈಗ ಅಕ್ಕ ಊರುದ್ರಲ್ಲ... ಅದೇಯ.”

ರಂಗಸ್ವಾಮಿ ಬಾಯಿಗೆ ಕೈ ಅಡ್ಡ ಹಿಡಿದು ಒಲೆಯ ಹಿಂದಕ್ಕೆ ಓಡಿದ.

ತಿಮ್ಮರಾಜು ತನ್ನ ಹೋಳನ್ನು ಕಣ್ಣು ಮುಚ್ಚಿ ನುಂಗಿದ. “ನಮ್ ಅಂಗಳದಲ್ಲಿ ನೀವು ಉಗುದ್ರಿ ಬೀಗ್ರೆ, ನಿಮ್ಮಲ್ಲಿ ನಾನು ನುಂಗಿವ್ನಿ. ಬಾಯಿ ತೊಳ್ಕೊಂಡು ಬಂದು ಮದ್ವೆ ದಿನ ಯೋಳಿ.”