ಬಿರುಕಿನಲ್ಲಿ ಕೈಬಿಸಿ

ಬಂಡೆ ಹತ್ತುವವರ ಕಬ್ಬಿಣದ ಕೊಕ್ಕೆ ಗೀರಿದ ಕಲ್ಲಿಗೆ ನೀಲವ್ವ ಗಾರೆ ಮೆತ್ತುತ್ತಿದ್ದಳು. ಬಾದಾಮಿಯ ಬಂಡೆಗಳು ಹತ್ತಿದವರ ಕೈಬಿಸಿಯನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತವೆ. ಕೊಕ್ಕೆ ತಾಗಿದರೆ ಆ ಬಿಸಿ ಆರಿಹೋಗುತ್ತದೆ.

"ಕೊಕ್ಕಿ ಹಾಕಿ ಹತ್ತೋರಿಗೆ ಒಂದು ಬಂಡೆ ಬಿಟ್ಟುಕೊಡೂಣ್ರಿ ಅಕ್ಕಾರ, ಇಲ್ಲಾಂದ್ರ ಕದ್ದು ಎಲ್ಲಾ ಗೀರತಾರ," ಎಂದ ಕಾವಲಿನ ಮೌಲಾಸಾಬ. "ಯಾವುದು ಅಂತ ನೀವ ಹೇಳ್ರಿ. ಕಲ್ಲಿನ ಡಾಕ್ಟರು ನೀವ ಅಲ್ಲೇನು?"

ಮೆತ್ತನೆಯ ಮರಳುಗಲ್ಲು ಕೊಕ್ಕೆಗೆ ಪುಡಿಯಾಗುತ್ತದೆ. ತಾಳಿಕೊಳ್ಳುವ ಗಟ್ಟಿ ಬಂಡೆ ಒಂದೇ. ತೀರಿಕೊಂಡ ಮಗಳು ಕಸ್ತೂರಿ ಜ್ವರ ಹಿಡಿಯುವ ಮುನ್ನ ಕೊನೆಯ ಸಲ ಹತ್ತಿದ್ದು ಅದನ್ನೇ. ಅದರ ಬಿರುಕಿನಲ್ಲಿ ಅವಳ ಬೆರಳುಗಳ ಬಿಸಿ ಇನ್ನೂ ಇರುವುದು ನೀಲವ್ವನಿಗಷ್ಟೇ ಗೊತ್ತು.

"ನಾಳಿ ಹೇಳ್ತೀನಪ್ಪಾ."

ಅವನು ಹೋದ ಮೇಲೆ ಆ ಗಟ್ಟಿ ಬಂಡೆಯ ಬಳಿ ಹೋಗಿ, ಬಿರುಕಿನೊಳಗೆ ಬೆರಳು ತೂರಿಸಿ, ಬಿಸಿ ತನ್ನದೋ ಮಗಳದೋ ತಿಳಿಯದಾಗುವವರೆಗೆ ನಿಂತಳು. 'ಇದು ಗಟ್ಟಿ ಐತಿ, ಇದನ್ನ ಕೊಡು' ಎಂದಷ್ಟೇ ಹೇಳುವುದೆಂದು ನಿಶ್ಚಯಿಸಿದಳು.